ವಾಲ್ವ್ ಕವರ್ ಬೋಲ್ಟ್‌ಗಳನ್ನು ಎಷ್ಟು ಬಿಗಿಯಬೇಕು?

ಪ್ರಶ್ನೆ: ನನ್ನ ಕಾರಿನ ಎಂಜಿನ್ನಿನಲ್ಲಿ ವಾಲ್ವ್ ಕವರಿನ ಅಂಚಿನಿಂದ ಆಯಿಲ್ ಜಿನುಗುತ್ತಿತ್ತು. ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟ್‌ಗಳನ್ನು ಕೈಲಾದಷ್ಟೂ ಬಿಗಿಮಾಡಿದೆ. ಕೆಲವು ದಿನ ನಿಂತಿದ್ದ ಸೋರಿಕೆ ಈಗ ಮೊದಲಿಗಿಂತಲೂ ಹೆಚ್ಚಾಗಿದೆ. ಇನ್ನೂ ಸ್ವಲ್ಪ ಬಿಗಿಯಬೇಕೆ? ಅಥವಾ ಗ್ಯಾಸ್ಕೆಟ್ಟಿನ ಸುತ್ತ ಸಿಲಿಕೋನ್ ಸೀಲಂಟ್ ಹಚ್ಚಬೇಕೆ?

ಉತ್ತರ: ದಯವಿಟ್ಟು ಇನ್ನು ಬಿಗಿಯಬೇಡಿ. ನೀವು ಬರೆದಿರುವುದನ್ನು ನೋಡಿದರೆ, ಈಗಿನ ಸೋರಿಕೆಗೆ ಆ ಅತಿಯಾದ ಬಿಗಿತವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ದಹನದ ಭಾರಿ ಒತ್ತಡವನ್ನು ತಡೆದು ನಿಲ್ಲಬೇಕು. ಆದ್ದರಿಂದ ಅಲ್ಲಿನ ಬೋಲ್ಟ್‌ಗಳನ್ನು ಬಲವಾಗಿ ಬಿಗಿಯಲೇಬೇಕು. ಮೆಕ್ಯಾನಿಕ್‌ಗಳು ಟ್ಯಾಪೆಟ್ ಕವರ್ ಎಂದೂ ಕರೆಯುವ ಈ ಮುಚ್ಚಳದ ಕೆಲಸ ಅಂಥದ್ದಲ್ಲ. ಕ್ಯಾಮ್‌ಶಾಫ್ಟ್ ಮತ್ತು ವಾಲ್ವ್‌ಗಳಿಗೆ ಹೋದ ಆಯಿಲ್ ಅದರೊಳಗೆ ಸಿಡಿದು, ಗೋಡೆಗಳಿಗೆ ಬಡಿದು, ಹೆಡ್ಡಿನ ರಂಧ್ರಗಳ ಮೂಲಕ ಕೆಳಗಿನ ಆಯಿಲ್ ತೊಟ್ಟಿಗೆ (ಸಂಪ್) ಇಳಿದು ಹೋಗುತ್ತದೆ. ಹಾಗೆ ಸಿಡಿಯುವ ಆಯಿಲನ್ನು ತಡೆಯಲು ದೊಡ್ಡ ಬಲ ಬೇಕಾಗಿಲ್ಲ. ಗ್ಯಾಸ್ಕೆಟ್ ಅಂಚಿನುದ್ದಕ್ಕೂ ಒಂದೇ ಸಮನಾಗಿ ಅದುಮಿಕೊಂಡಿದ್ದರೆ ಸಾಕು.

ಬಲ ಹೆಚ್ಚಾದಾಗ ಕೆಡುವುದು ಈ ಸಮತೋಲನವೇ. ಉಕ್ಕಿನ ತಗಡಿನಿಂದ ಒತ್ತಿ ಮಾಡಿದ ಕವರಾಗಿದ್ದರೆ ಬೋಲ್ಟ್ ರಂಧ್ರದ ಸುತ್ತಲಿನ ಭಾಗ ಕೆಳಕ್ಕೆ ಕುಗ್ಗಿ, ಎರಡು ಬೋಲ್ಟ್‌ಗಳ ನಡುವಿನ ಅಂಚು ಕಮಾನಿನಂತೆ ಮೇಲೇಳುತ್ತದೆ, ಮತ್ತು ಆಯಿಲ್ ಸರಿಯಾಗಿ ಆ ನಡುವಿನಿಂದಲೇ ಹೊರಬರುತ್ತದೆ. ಕಾರ್ಕ್ ಗ್ಯಾಸ್ಕೆಟ್ ಅದುಮಿ ಅದುಮಿ ಸೀಳಿಕೊಳ್ಳುತ್ತದೆ. ಚಪ್ಪಟೆ ರಬ್ಬರ್ ಗ್ಯಾಸ್ಕೆಟ್ ಅಂಚಿನಿಂದ ಹೊರಕ್ಕೆ ಉಬ್ಬಿ ಜಾರುತ್ತದೆ. ಪ್ಲಾಸ್ಟಿಕ್ ಕವರ್ ಬಿರುಕು ಬಿಡುತ್ತದೆ. ಈಚಿನ ಅನೇಕ ಎಂಜಿನ್‌ಗಳಲ್ಲಿ ರಬ್ಬರ್ ಗ್ಯಾಸ್ಕೆಟ್ ಕವರಿನ ತೋಡಿನೊಳಗೆ ಕೂರುತ್ತದೆ, ಬೋಲ್ಟಿಗೆ ಒಂದು ಭುಜ ಅಥವಾ ಲೋಹದ ತೋಳು ಇರುತ್ತದೆ. ಆ ಲೋಹ ಹೆಡ್ಡಿಗೆ ತಾಗಿದ ಕ್ಷಣಕ್ಕೆ ಗ್ಯಾಸ್ಕೆಟ್ ಎಷ್ಟು ಅದುಮಬೇಕೋ ಅಷ್ಟು ಅದುಮಿರುತ್ತದೆ. ಅನಂತರ ನೀವು ಹಾಕುವ ಬಲ ಗ್ಯಾಸ್ಕೆಟ್ಟಿಗೆ ತಲುಪುವುದೇ ಇಲ್ಲ, ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್‌ಗಳನ್ನು ಕಿತ್ತುಹಾಕುವುದಕ್ಕೆ ಮಾತ್ರ ಸಾಲುತ್ತದೆ. ಇಂಥ ಕವರು ಸೋರಿದರೆ ಗ್ಯಾಸ್ಕೆಟ್ ಗಡುಸಾಗಿದೆಯೇ, ಬೋಲ್ಟ್ ತಲೆಯ ಕೆಳಗಿನ ರಬ್ಬರ್ ವಾಷರ್‌ಗಳು ಚಪ್ಪಟೆಯಾಗಿವೆಯೇ ಎಂದು ನೋಡಬೇಕು. ಆ ವಾಷರ್‌ಗಳನ್ನು ಹೊಸ ಗ್ಯಾಸ್ಕೆಟ್ಟಿನೊಂದಿಗೇ ಬದಲಿಸುವುದು ಒಳ್ಳೆಯದು. ಹೆಚ್ಚಿನವರು ಮರೆಯುವುದು ಇದನ್ನೇ.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕವರನ್ನು ಬಿಚ್ಚಿ, ಅದರ ಅಂಚಿನ ಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನಿಟ್ಟು ಬೆಳಕಿಗೆ ಹಿಡಿದು ನೋಡಿ. ತಗಡಿನ ಕವರಿನ ರಂಧ್ರಗಳ ಸುತ್ತ ಗುಳಿ ಬಿದ್ದಿದ್ದರೆ, ಅಂಚನ್ನು ಗಟ್ಟಿಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಸಮ ಮಾಡಬಹುದು. ಡೊಂಕಾದ ಪ್ಲಾಸ್ಟಿಕ್ ಕವರನ್ನು ಬದಲಿಸುವುದೇ ಸರಿ. ಹಳೆಯ ಗ್ಯಾಸ್ಕೆಟ್ಟಿನ ಅವಶೇಷಗಳನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆಯಿರಿ. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುವ ತಟ್ಟೆಗಳನ್ನು ಹೆಡ್ಡಿನ ಹತ್ತಿರವೂ ತರಬೇಡಿ ಎಂದು ಒತ್ತಿ ಹೇಳುತ್ತೇನೆ. ಅವು ಉದುರಿಸುವ ಗಡುಸು ಪುಡಿ ಆಯಿಲಿನೊಂದಿಗೆ ಬೇರಿಂಗ್‌ಗಳನ್ನು ಸೇರಿದರೆ ಸಣ್ಣ ಸೋರಿಕೆಯ ಜಾಗದಲ್ಲಿ ದೊಡ್ಡ ರಿಪೇರಿ ಬಂದು ನಿಲ್ಲುತ್ತದೆ. ಕೊನೆಗೆ ಎರಡೂ ಮುಖಗಳನ್ನು ಆಯಿಲಿನ ಪಸೆ ಇರದಂತೆ ಒರೆಸಿ ಒಣಗಿಸಿ.

ಸೀಲಂಟನ್ನು ಸುತ್ತಲೂ ಹಚ್ಚಬಾರದು. ಒದ್ದೆ ಸಿಲಿಕೋನ್ ಮೇಲೆ ರಬ್ಬರ್ ಗ್ಯಾಸ್ಕೆಟ್ ಬಿಗಿಯುವಾಗ ಜಾರುತ್ತದೆ, ಒಳಗೆ ಹಿಂಡಿ ಬಂದ ಸಿಲಿಕೋನ್ ಕಳಚಿ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಡ್ಡವಾಗಬಹುದು. ಅದು ಬೇಕಾಗುವುದು ಎರಡು ಭಾಗಗಳು ಕೂಡುವ ಜಾಗಗಳಲ್ಲಿ ಮಾತ್ರ: ಟೈಮಿಂಗ್ ಕವರ್ ಹೆಡ್ಡನ್ನು ಸೇರುವ ಗೆರೆಯಲ್ಲಿ, ಕ್ಯಾಮ್ ಬೇರಿಂಗ್ ಮುಚ್ಚಳದ ಮೂಲೆಗಳಲ್ಲಿ, ಅರ್ಧಚಂದ್ರಾಕಾರದ ಬಿರಡೆಯ ಎರಡು ತುದಿಗಳಲ್ಲಿ. ಅಲ್ಲಿ ಒಂದೊಂದು ಸಣ್ಣ ಹನಿ ಸಾಕು. ಹಚ್ಚಿದ ಮೇಲೆ ಮೇಲ್ಪದರ ಗಟ್ಟಿಯಾಗುವ ಮೊದಲೇ ಕವರನ್ನು ಕೂರಿಸಿ, ಸೀಲಂಟ್ ಟ್ಯೂಬಿನ ಮೇಲೆ ಹೇಳಿರುವಷ್ಟು ಹೊತ್ತು ಒಣಗಲು ಬಿಟ್ಟು ಎಂಜಿನ್ ಚಾಲೂ ಮಾಡಿ.

ಬಿಗಿಯುವಾಗ ಮೊದಲು ಎಲ್ಲ ಬೋಲ್ಟ್‌ಗಳನ್ನೂ ಬೆರಳಿನಿಂದಲೇ ತಿರುಗಿಸಿ ಕೂರಿಸಿ. ಒಂದನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ ಕವರು ಒಂದು ಕಡೆಗೆ ವಾಲಿ, ಇನ್ನೊಂದು ಕಡೆ ಗ್ಯಾಸ್ಕೆಟ್ ತೋಡಿನಿಂದ ಎದ್ದು ಬರುತ್ತದೆ. ಆದ್ದರಿಂದ ನಡುವಿನ ಬೋಲ್ಟಿನಿಂದ ಆರಂಭಿಸಿ, ಎದುರುಬದುರಾಗಿ ಹೊರತುದಿಗಳ ಕಡೆಗೆ ಸಾಗುತ್ತ, ಮೊದಲ ಸುತ್ತಿನಲ್ಲಿ ಅರ್ಧ, ಎರಡನೆಯ ಸುತ್ತಿನಲ್ಲಿ ಪೂರ್ಣ ಟಾರ್ಕ್ (ತಿರುಗಿಸುವ ಬಲ) ಕೊಡಿ. ನಿಮ್ಮ ಎಂಜಿನ್ನಿನ ಸರ್ವಿಸ್ ಪುಸ್ತಕದಲ್ಲಿ ಬೇರೆ ಕ್ರಮವಿದ್ದರೆ ಅದನ್ನೇ ಅನುಸರಿಸಿ. ಟಾರ್ಕ್ ಅಂಕಿಯನ್ನೂ ಅಲ್ಲಿಂದಲೇ ತೆಗೆದುಕೊಳ್ಳಿ. 6 ಮಿಲಿಮೀಟರ್ ಬೋಲ್ಟ್‌ಗಳಿರುವ ಕವರುಗಳಿಗೆ ಅದು ಸಾಮಾನ್ಯವಾಗಿ 8ರಿಂದ 12 ನ್ಯೂಟನ್ ಮೀಟರ್ ಒಳಗೇ ಇರುತ್ತದೆ. 10 ನ್ಯೂಟನ್ ಮೀಟರ್ ಎಂದರೆ, 25 ಸೆಂಟಿಮೀಟರ್ ಉದ್ದದ ಹಿಡಿಕೆಯ ತುದಿಯಲ್ಲಿ ಸುಮಾರು 4 ಕಿಲೋಗ್ರಾಂ ತೂಕದಷ್ಟು ಒತ್ತುವುದು. ಕೈಲಾದಷ್ಟೂ ಬಿಗಿದಾಗ ನಿಮ್ಮ ತೋಳು ಇದರ ಹಲವು ಪಟ್ಟು ಬಲ ಹಾಕಿರುತ್ತದೆ.

ಪ್ರಶ್ನೆ: ಟಾರ್ಕ್ ರೆಂಚ್ ಬಳಸಿಯೇ ಬಿಗಿದೆ. ಆದರೂ ರೆಂಚ್ ಕ್ಲಿಕ್ ಎನ್ನುವ ಮೊದಲೇ ಬೋಲ್ಟ್ ತುಂಡಾಯಿತು. ಇದು ಹೇಗೆ ಸಾಧ್ಯ?

ಉತ್ತರ: ಚಕ್ರದ ನಟ್ಟುಗಳಿಗೆ ಬಳಸುವ ದೊಡ್ಡ ರೆಂಚನ್ನೇ ಇಲ್ಲಿಗೂ ಬಳಸಿರಬೇಕು ಎನ್ನುವುದು ನನ್ನ ಊಹೆ. ನಿಗದಿಮಾಡಿದ ಟಾರ್ಕ್ ತಲುಪಿದಾಗ ಕ್ಲಿಕ್ ಎನ್ನುವ ಇಂಥ ರೆಂಚ್‌ಗಳು ತಮ್ಮ ಗರಿಷ್ಠ ಅಳತೆಯ ಸುಮಾರು 20 ಪ್ರತಿಶತಕ್ಕಿಂತ ಕೆಳಗೆ ನಂಬಿಕೆಗೆ ಅರ್ಹವಲ್ಲ. 200 ನ್ಯೂಟನ್ ಮೀಟರಿನ ರೆಂಚ್ 10ರಲ್ಲಿ ಕ್ಲಿಕ್ ಎನ್ನದಿರಬಹುದು, ಎಂದರೂ ಕೈಗೆ ತಿಳಿಯದಷ್ಟು ಮೆಲ್ಲಗೆ ಎನ್ನಬಹುದು. ಕಾಲು ಇಂಚಿನ ಚೌಕದ, ಸುಮಾರು 25 ನ್ಯೂಟನ್ ಮೀಟರ್‌ವರೆಗೆ ಅಳೆಯುವ ಸಣ್ಣ ರೆಂಚನ್ನು ಈ ಕೆಲಸಕ್ಕೆ ಇಟ್ಟುಕೊಳ್ಳಿ.

ಎರಡನೆಯ ಕಾರಣ ಥ್ರೆಡ್‌ಗಳ ಮೇಲಿನ ಆಯಿಲ್. ನಾವು ಕೊಡುವ ಟಾರ್ಕ್‌ನ ಸುಮಾರು ಒಂಬತ್ತು ಪಾಲು ಬೋಲ್ಟ್ ತಲೆಯ ಕೆಳಗಿನ ಮತ್ತು ಥ್ರೆಡ್‌ಗಳ ಘರ್ಷಣೆಯಲ್ಲೇ ಕಳೆದು, ಹತ್ತನೆಯ ಪಾಲು ಮಾತ್ರ ಬಿಗಿತವಾಗುತ್ತದೆ. ಜಿಡ್ಡು ಆ ಘರ್ಷಣೆಯನ್ನು ತಗ್ಗಿಸಿದಾಗ ಅದೇ ಟಾರ್ಕ್‌ಗೆ ಬೋಲ್ಟ್ ಇನ್ನಷ್ಟು ಹಿಗ್ಗುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಥ್ರೆಡ್‌ಗಳು ಒಣಗಿಯೇ ಇರಲಿ, ರಂಧ್ರದ ತಳದಲ್ಲಿ ಆಯಿಲ್ ನಿಂತಿರದಿರಲಿ.

ಪ್ರಶ್ನೆ: ಸರಿಯಾದ ಗ್ಯಾಸ್ಕೆಟ್, ಸರಿಯಾದ ಟಾರ್ಕ್, ಎಲ್ಲವೂ ಇದ್ದರೂ ಕೆಲವು ತಿಂಗಳಲ್ಲಿ ಮತ್ತೆ ಸೋರುತ್ತದೆ. ಕವರನ್ನೇ ಬದಲಿಸಬೇಕೆ?

ಉತ್ತರ: ಕವರಿಗೆ ಹಣ ಹಾಕುವ ಮೊದಲು ಎಂಜಿನ್ ಉಸಿರಾಡುತ್ತಿದೆಯೇ ನೋಡಿ. ಪಿಸ್ಟನ್ ರಿಂಗ್‌ಗಳನ್ನು ದಾಟಿ ಕೆಳಗಿಳಿಯುವ ಅನಿಲವನ್ನು ಪಿಸಿವಿ ವಾಲ್ವ್ ಇನ್‌ಟೇಕ್ ಕಡೆಗೆ ಎಳೆದುಕೊಳ್ಳುತ್ತದೆ. ಅದು ಕೆಸರು ಕಟ್ಟಿದರೆ ಅನಿಲ ಒಳಗೇ ಉಳಿದು, ಒತ್ತಡ ಏರಿ, ಚೆನ್ನಾಗಿ ಕೂತ ಗ್ಯಾಸ್ಕೆಟ್ಟಿನಿಂದಲೂ ಆಯಿಲನ್ನು ಹೊರದೂಡುತ್ತದೆ. ಪೆಟ್ರೋಲ್ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ತೆಳುವಾದ ಕಾಗದವನ್ನಿಡಿ. ಅದು ಒಳಕ್ಕೆ ಎಳೆದುಕೊಂಡಂತೆ ಕೂತರೆ ವ್ಯವಸ್ಥೆ ಸರಿಯಿದೆ. ಮೇಲಕ್ಕೆ ಹಾರಿದರೆ ವಾಲ್ವ್ ಮತ್ತು ಅದರ ಕೊಳವೆಗಳನ್ನು ಶುಚಿಮಾಡಿ ಅಥವಾ ಬದಲಿಸಿ. ಬದಲಿಸಿದ ಮೇಲೂ ಕಾಗದ ಹಾರುತ್ತಿದ್ದರೆ ರಿಂಗ್‌ಗಳು ಸವೆದಿರಬಹುದು. ಆಗ ಇನ್ನೊಂದು ಗ್ಯಾಸ್ಕೆಟ್ ಕೊಳ್ಳುವ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ.