ತಕ್ಕಡಿ ಕೆಳಗಿಡಿ, ರೈಟರ ಪುಸ್ತಕ ತೆಗೆಯಿರಿ

ನಮಸ್ಕಾರ ಮೇಡಂ,

ಇಂದಿರಾ ಗಾಂಧಿಯವರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ನಮ್ಮ ಸಂಚಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ನಾಲ್ಕನೇ ಪುಟದಲ್ಲಿ ಆರು ಸಾಲುಗಳಿವೆ. ಅದಕ್ಕೋಸ್ಕರವೇ ಈ ಕಾಗದ.

ಮೊದಲು ತೊಂದರೆ ಹೇಳಿಬಿಡುತ್ತೇನೆ. ಒಂದು ಕಡೆ 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ, 1971ರ ಬಾಂಗ್ಲಾ ಯುದ್ಧ ಇಟ್ಟಿದ್ದೀರಿ. ಇನ್ನೊಂದು ಕಡೆ ತುರ್ತು ಪರಿಸ್ಥಿತಿ. ಕೊನೆಗೆ ‘ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ’ ಎಂದು ಮುಗಿಸಿದ್ದೀರಿ. ಯಾರ ಬಗ್ಗೆ ಬೇಕಾದರೂ ಹಾಗೆ ಬರೆಯಬಹುದು, ಅಲ್ವಾ? ಒಂಬತ್ತು ಪುಟ ಓದಿದರೂ ನಿಮಗೆ ಏನನ್ನಿಸಿತು ಅಂತ ಗೊತ್ತಾಗಲಿಲ್ಲ. ಯಾರಿಗೂ ಬೇಜಾರಾಗಬಾರದು ಅಂತ ಹೆದರಿ ಬರೆದ ಹಾಗಿದೆ.

ಈಗ ಆ ಆರು ಸಾಲು. ನಿಮ್ಮ ಅಜ್ಜಿ ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಯಲ್ಲಿ, ಇದ್ದರು. ಮದುವೆಗೆ ತಗೊಂಡ ಮುಂಗಡ, ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ವರ್ಷ ವರ್ಷವೂ ಬೆಳೆಯುತ್ತಿತ್ತು. ಅದರ ಕೆಳಗೆ ಅಜ್ಜಿ ಹೆಬ್ಬೆಟ್ಟು ಒತ್ತುತ್ತಿದ್ದರು. ಜೀತದ ಸಾಲ ರದ್ದಾಯಿತು ಎಂಬ ಸುದ್ದಿ ಕಾಫಿ ಕುಯ್ಲಿನ ನಡುವೆ ಲೈನಿಗೆ ಬಂತು. ಆವತ್ತು ಸಂಜೆಯೆಲ್ಲ ಅಜ್ಜಿ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದರು ಎಂದು ಬರೆದಿದ್ದೀರಿ. ಅದನ್ನು ಓದಿ ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಆದರೆ ನೀವೇ ಅದನ್ನು ದಾಟಿ ಹೋಗಿಬಿಟ್ಟಿದ್ದೀರಿ. ಜೀತ ರದ್ದು ಮಾಡಿದ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ. ತುರ್ತು ಪರಿಸ್ಥಿತಿ ಶುರುವಾಗಿ ಆಗ ನಾಲ್ಕು ತಿಂಗಳು. ಮುಂದಿನ ವರ್ಷ ನಟಿ ಸ್ನೇಹಲತಾ ರೆಡ್ಡಿಯವರನ್ನು ಹಿಡಿದು ಬೆಂಗಳೂರಿನ ಜೈಲಿಗೆ ಹಾಕಿದರು. ಅವರಿಗೆ ಆಸ್ತಮಾ. ಹೊರಗೆ ಬಿಟ್ಟ ಐದೇ ದಿನಕ್ಕೆ, 1977ರ ಜನವರಿ 20ರಂದು, ತೀರಿಕೊಂಡರು. ಎರಡೂ ಒಂದೇ ಸರ್ಕಾರದ ಕೆಲಸ. ಅಜ್ಜಿಯ ಹೆಬ್ಬೆರಳನ್ನು ಬಿಡಿಸಲು ಸ್ನೇಹಲತಾ ಅವರನ್ನು ಒಳಗೆ ಹಾಕಲೇಬೇಕಿತ್ತಾ? ನಿಮ್ಮ ಲೇಖನ ಕೇಳಬೇಕಾದ ಪ್ರಶ್ನೆ ಇದು.

ಬೇಕಿರಲಿಲ್ಲ ಅಂತಲೇ ನಾನು ಹೇಳುತ್ತೇನೆ. ಬಲವಂತದ ದುಡಿಮೆ ಕೂಡದು ಎಂದು ಸಂವಿಧಾನದ 23ನೇ ವಿಧಿ 1950ರಿಂದಲೇ ಹೇಳುತ್ತಿತ್ತು. 1971ರಲ್ಲಿ ಇಂದಿರಾ ಅವರ ಪಕ್ಷ ಲೋಕಸಭೆಯಲ್ಲಿ 352 ಸ್ಥಾನ ಗೆದ್ದಿತ್ತು, ಮೂರರಲ್ಲಿ ಎರಡು ಪಾಲಿಗೂ ಜಾಸ್ತಿ. ಒಬ್ಬರನ್ನೂ ಜೈಲಿಗೆ ಹಾಕದೆ ಆ ಕಾನೂನು ತರಬಹುದಿತ್ತು. ನೀವು ಇದನ್ನು ಒಪ್ಪದಿರಬಹುದು. ಹಾಗಾದರೆ ಯಾಕೆ ಅಂತ ಬರೆಯಿರಿ, ಅದನ್ನೂ ಸಂತೋಷದಿಂದ ಹಾಕುತ್ತೇನೆ.

‘ತುರ್ತು ಪರಿಸ್ಥಿತಿ ಓದಿದವರಿಗೆ ಮಾತ್ರ ತಟ್ಟಿತು’ ಎಂಬ ಸಾಲನ್ನು ಹೊಡೆದುಹಾಕಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆ ಆಯಿತು. ಬಲವಂತಕ್ಕೆ ಸಿಕ್ಕಿದವರಲ್ಲಿ ಬಡವರೇ ಜಾಸ್ತಿ. 1977ರ ಚುನಾವಣೆಯಲ್ಲಿ ಕರ್ನಾಟಕವೂ ಇಂದಿರಾ ಅವರನ್ನು ಕೈಬಿಟ್ಟಿತು ಅಂತ ಬರೆದಿದ್ದೂ ತಪ್ಪು. ಇಲ್ಲಿ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಬಂದಿತ್ತು. ಮರುವರ್ಷ ನಮ್ಮ ಹಾಗೇ ಕಾಫಿ ಬೆಳೆಯುವ ಚಿಕ್ಕಮಗಳೂರು ಅವರನ್ನು ಗೆಲ್ಲಿಸಿ ಲೋಕಸಭೆಗೆ ಕಳಿಸಿತು.

ಇನ್ನೊಂದು ವಿಷಯ ನೋಡಿ. ದೇವರಾಜ ಅರಸು ಅವರ ಕಾಲದ ಭೂಸುಧಾರಣೆಯಲ್ಲಿ ಒಬ್ಬರಿಗೆ ಇಷ್ಟೇ ಭೂಮಿ ಎಂಬ ಮಿತಿ ಕಾಫಿ ತೋಟಗಳಿಗೆ ಇರಲಿಲ್ಲ. ಅಜ್ಜಿಯ ಸಾಲ ಹೋಯಿತು, ನೆಲ ಮಾತ್ರ ಬರಲಿಲ್ಲ. ಸಾಲ ಹರಿದ ಮೇಲೂ ಅವರು ಅದೇ ಲೈನ್ ಮನೆಯಲ್ಲೇ ಉಳಿದರು ಎಂದು ನೀವೇ ಬರೆದಿದ್ದೀರಿ. ಹಾಗಿದ್ದೂ ಇಂದಿರಮ್ಮನ ಕ್ಯಾಲೆಂಡರನ್ನು ಗೋಡೆಯಿಂದ ತೆಗೆಯಲು ಕೊನೆವರೆಗೂ ಬಿಡಲಿಲ್ಲವಂತೆ. ಯಾಕೆ? ಅದು ಬರೀ ಮುಗ್ಧತೆ ಅಂದುಬಿಡಬೇಡಿ. ಅಜ್ಜಿಗೆ ಕಾರಣ ಇತ್ತು, ಅದನ್ನು ಹುಡುಕಿ.

ಬ್ಯಾಂಕು, ಯುದ್ಧದ ಪುಟಗಳನ್ನೆಲ್ಲ ತೆಗೆಯಿರಿ. ಅವು ಎಲ್ಲರಿಗೂ ಗೊತ್ತು. ಅಜ್ಜಿ ಈಗಿಲ್ಲ, ಆದರೆ ಅದೇ ಲೈನಿನಲ್ಲಿ ಬೆಳೆದ ಚಿಕ್ಕಮ್ಮ ಇದ್ದಾರಲ್ಲ, ಅವರ ಹತ್ತಿರ ಕೂತು ಕೇಳಿ. ಪುಸ್ತಕದ ಆ ಪುಟವನ್ನು ನಿಜವಾಗಿ ಹರಿದರಾ, ಅಥವಾ ಮುಂಗಡ ಬೇರೆ ಹೆಸರಿನಲ್ಲಿ ಮತ್ತೆ ಶುರುವಾಯಿತಾ? ಹುತ್ತರಿ ಹಬ್ಬದ ಒಳಗೆ ಬರೆದು ಕಳಿಸಿ. ಆಮೇಲೆ ಕುಯ್ಲು ಶುರುವಾದರೆ ಚಿಕ್ಕಮ್ಮ ಮಾತಿಗೆ ಸಿಗುವುದಿಲ್ಲ.

ವಿಶ್ವಾಸದಿಂದ,
ಸಂಪಾದಕ
ಮಡಿಕೇರಿ