‘ಯುಎಸ್‌ಆರ್’ ಲೇಖನದ ಎರಡನೇ ಪ್ಯಾರಾ ಬಗ್ಗೆ

ನಮಸ್ಕಾರ. ‘ಲಿನಕ್ಸ್ ಫೋಲ್ಡರುಗಳ ವಿಚಿತ್ರ ಹೆಸರುಗಳು’ ಲೇಖನ ತಲುಪಿದೆ. ಭಾಷೆ ಸರಾಗವಾಗಿದೆ, ಕಾಗುಣಿತ ಶುದ್ಧವಾಗಿದೆ. ‘ವಾರ್’ ಡೈರೆಕ್ಟರಿ (ಅಂದರೆ ಫೋಲ್ಡರ್) ಏಕೆ ಬೇರೆಯಾಯಿತು ಎಂಬುದನ್ನು ಡಿಸ್ಕಿಲ್ಲದ ಸನ್ ಕಂಪ್ಯೂಟರುಗಳ ಕಾಲಕ್ಕೆ ಹೋಗಿ ವಿವರಿಸಿದ್ದೀರಿ, ಚೆನ್ನಾಗಿದೆ. ನನಗೆ ಸಿಟ್ಟು ತರಿಸಿದ್ದು ಎರಡನೇ ಪ್ಯಾರಾ. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

‘ಯುಎಸ್‌ಆರ್ ಎಂದರೆ ಯುನಿಕ್ಸ್ ಸಿಸ್ಟಮ್ ರಿಸೋರ್ಸಸ್’ ಎಂದು ಆ ಫೋಲ್ಡರಿನ ಹೆಸರು ಬಿಡಿಸುತ್ತಾ ಆರಂಭಿಸಿದ್ದೀರಿ. ಅಲ್ಲ. ಅದು ‘ಯೂಸರ್’, ಅಂದರೆ ಬಳಕೆದಾರ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟುತ್ತಿದ್ದಾಗ ಬಳಕೆದಾರರ ಸ್ವಂತ ಡೈರೆಕ್ಟರಿಗಳು ಅದರೊಳಗೇ ಇದ್ದವು. ಥಾಂಪ್ಸನ್ ಅವರದ್ದು ‘ಯುಎಸ್‌ಆರ್/ಕೆನ್’, ರಿಚಿ ಅವರದ್ದು ‘ಯುಎಸ್‌ಆರ್/ಡಿಎಂಆರ್’. 1971ರ ಅವರ ಪಿಡಿಪಿ-11 ಕಂಪ್ಯೂಟರಿನ ಡಿಸ್ಕ್ ಬರೀ 512 ಕೆಬಿ. ಅಲ್ಲಿ ಹಿಡಿಸದ ಸಿಸ್ಟಮ್ ಪ್ರೋಗ್ರಾಮುಗಳು ಬಳಕೆದಾರರಿಗಿದ್ದ ಇನ್ನೊಂದು ಡಿಸ್ಕಿಗೆ ನುಗ್ಗಿದವು. ಕೊನೆಗೆ ಮನೆಯವರೇ ಬೇರೆಡೆಗೆ ಹೋದರು, ನೆಂಟರು ಉಳಿದುಕೊಂಡರು. ಅದೇ ಬೆಲ್ ಲ್ಯಾಬ್ಸ್ ಆಮೇಲೆ ಮಾಡಿದ ‘ಪ್ಲ್ಯಾನ್ 9’ ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಬಳಕೆದಾರರು ಇವತ್ತಿಗೂ ‘ಯುಎಸ್‌ಆರ್’ ಒಳಗೇ ಇದ್ದಾರೆ. ನಿಮ್ಮ ವಿಸ್ತರಣೆ ಹೆಸರಿಗೂ ಬಳಕೆಗೂ ಸಂಬಂಧ ತಪ್ಪಿಹೋದ ಮೇಲೆ ಯಾರೋ ಹೊಸೆದದ್ದು.

ಮುಂದಿನ ವಾಕ್ಯ ಇನ್ನೊಂದು ಫೋಲ್ಡರಿನದು: ‘ಇಟಿಸಿ ಎಂದರೆ ಎಡಿಟಬಲ್ ಟೆಕ್ಸ್ಟ್ ಕಾನ್ಫಿಗರೇಶನ್.’ ಇದೂ ಅದೇ ಜಾತಿ. 1979ರ ಏಳನೇ ಆವೃತ್ತಿಯ ಯುನಿಕ್ಸ್ ತೆಗೆದು ನೋಡಿ. ‘ಇನಿಟ್’, ‘ಗೆಟ್ಟಿ’, ‘ಮೌಂಟ್’ ಎಲ್ಲ ‘ಇಟಿಸಿ’ಯಲ್ಲೇ ಇವೆ. ಅವು ಓಡುವ ಪ್ರೋಗ್ರಾಮುಗಳು. ಎಡಿಟರ್‌ನಲ್ಲಿ ತೆರೆದು ತಿದ್ದುವ ಟೆಕ್ಸ್ಟ್ ಅಲ್ಲ. ಪಾಸ್‌ವರ್ಡ್ ಕಡತವೂ ಅವುಗಳ ಪಕ್ಕದಲ್ಲೇ ಕೂತಿತ್ತು. ಬೇರೆಲ್ಲೂ ಸೇರದ್ದನ್ನು ಹಾಕುವ ‘ಇತ್ಯಾದಿ’ ಡಬ್ಬ ಅದು, ಅಷ್ಟೇ.

ನಾನು ಪತ್ರಿಕೆಯೊಂದರ ಡೆಸ್ಕಿಗೆ ಟ್ರೈನಿಯಾಗಿ ಸೇರಿದಾಗ ನಮ್ಮ ಮುಖ್ಯ ಉಪಸಂಪಾದಕರಿಗೆ ‘ಎನ್ನಲಾಗಿದೆ’ ಕಂಡರೆ ಆಗುತ್ತಿರಲಿಲ್ಲ. ಅದರ ಸುತ್ತ ಪೆನ್ಸಿಲ್ಲಿನಿಂದ ಗುಂಡು ಸುತ್ತಿ, ಕಾಪಿ ವಾಪಸ್ ಎಸೆದು, ‘ಅಂದೋನು ಯಾರಯ್ಯ?’ ಎನ್ನುತ್ತಿದ್ದರು. ಎದ್ದು ಹೋಗಿ ಫೋನ್ ಮಾಡಿ, ಅಂದವನನ್ನು ಹುಡುಕಿಕೊಂಡು ಬರಬೇಕಿತ್ತು. ನೀವು ‘ಎನ್ನಲಾಗಿದೆ’ ಕೂಡ ಹಾಕಿಲ್ಲ. ನೇರವಾಗಿ ‘ಎಂದರೆ’ ಅಂದುಬಿಟ್ಟಿದ್ದೀರಿ.

ಇನ್ನು ಪ್ಯಾರಾದ ಕೊನೆ. ‘ಆಗ ಡಿಸ್ಕಿನಲ್ಲಿ ಜಾಗ ಕಡಿಮೆ ಇದ್ದುದರಿಂದ ಹೆಸರುಗಳನ್ನು ಮೊಟಕುಗೊಳಿಸಲಾಯಿತು.’ ಜಾಗ ಕಡಿಮೆ ಇದ್ದದ್ದು ನಿಜ, ಈಗಷ್ಟೇ ನಾನೂ ಹೇಳಿದೆ. ಆದರೆ ಹೆಸರು ಮೊಟಕು ಮಾಡಿದರೆ ಆ ಜಾಗ ಉಳಿಯುತ್ತಿತ್ತೇ? ಏಳನೇ ಆವೃತ್ತಿಯಲ್ಲಿ ಡೈರೆಕ್ಟರಿಯ ಪ್ರತಿ ನಮೂದಿಗೂ 16 ಬೈಟ್. ಕಡತವನ್ನು ಗುರುತಿಸುವ ಐನೋಡ್ ಸಂಖ್ಯೆಗೆ 2, ಹೆಸರಿಗೆ 14. ಮೂರು ಅಕ್ಷರ ಬರೆದರೂ 14, ಹದಿನಾಲ್ಕು ಬರೆದರೂ 14. ಮಿಕ್ಕದ್ದಕ್ಕೆ ಸೊನ್ನೆ ತುಂಬುತ್ತಿದ್ದರು. ಮೊದಲ ಆವೃತ್ತಿಯಲ್ಲಿ ಹೆಸರಿಗೆ ಎಂಟೇ ಬೈಟ್ ಇದ್ದಾಗಲೂ ‘ಯೂಸರ್’ನ ನಾಲ್ಕು ಇಂಗ್ಲಿಷ್ ಅಕ್ಷರ ಆರಾಮಾಗಿ ಹಿಡಿಸುತ್ತಿತ್ತು. ‘ಇ’ ಕಿತ್ತುಹಾಕಿದ್ದರಿಂದ ಡಿಸ್ಕಿನಲ್ಲಿ ಒಂದು ಬೈಟೂ ಉಳಿಯಲಿಲ್ಲ.

ಉಳಿದದ್ದು ಬೆರಳಿನ ಶ್ರಮ. ಅವರ ಮುಂದೆ ಇದ್ದದ್ದು ಪರದೆಯಲ್ಲ, ಕಾಗದದ ಮೇಲೆ ಅಕ್ಷರ ಕುಟ್ಟುವ ಟೆಲಿಟೈಪ್ ಯಂತ್ರ. ಮಾಡೆಲ್ 33 ಸೆಕೆಂಡಿಗೆ ಹತ್ತು ಅಕ್ಷರ ಕುಟ್ಟುತ್ತಿತ್ತು, ಅದಕ್ಕಿಂತ ಜೋರಾಗಿ ಓಡಲು ಅದಕ್ಕೆ ಬರುತ್ತಿರಲಿಲ್ಲ. ಕೀಲಿಗಳನ್ನು ಆಳಕ್ಕೆ ಒತ್ತಬೇಕು. ನಮ್ಮ ಡೆಸ್ಕಿನ ಪಕ್ಕದ ಕೋಣೆಯಲ್ಲಿದ್ದ ಟೆಲಿಪ್ರಿಂಟರ್ ಮೇಲೆ ಒಮ್ಮೆ ಕೈಯಾಡಿಸಿದ್ದೇನೆ; ಒಂದು ಸಾಲು ಹೊಡೆಯುವಷ್ಟರಲ್ಲಿ ಕಿರುಬೆರಳು ಸೋತಿತ್ತು. ದಿನವಿಡೀ ಅಂಥದ್ದರ ಮುಂದೆ ಕೂರುವವರು ‘ಕಾಪಿ’ಯನ್ನು ‘ಸಿಪಿ’, ‘ಮೂವ್’ ಅನ್ನು ‘ಎಂವಿ’ ಮಾಡಿಕೊಂಡದ್ದರಲ್ಲಿ ಆಶ್ಚರ್ಯವೇನು? ಆಮೇಲೆ ಅದೇ ರೂಢಿಯಾಯಿತು. ಯುನಿಕ್ಸ್ ಅನ್ನು ಮತ್ತೆ ಬರೆಯುವುದಾದರೆ ಏನು ಬದಲಿಸುತ್ತೀರಿ ಎಂದು ಕೇಳಿದವರಿಗೆ ಥಾಂಪ್ಸನ್, ಕಡತ ಸೃಷ್ಟಿಸಲು ಪ್ರೋಗ್ರಾಮುಗಳು ಯುನಿಕ್ಸ್‌ಗೆ ಕೊಡುವ ‘ಕ್ರಿಯೇಟ್’ (creat) ಎಂಬ ಸಿಸ್ಟಮ್ ಕಾಲ್‌ಗೆ ಬಿಟ್ಟುಹೋದ ಕೊನೆಯ ‘ಇ’ ಸೇರಿಸುತ್ತೇನೆ ಎಂದಿದ್ದರು. ಇಂಥ ಮಾತು ನಿಮ್ಮ ಲೇಖನದಲ್ಲಿ ಇರಬೇಕಿತ್ತು, ಕಾಣಲಿಲ್ಲ.

ವಿಂಡೋಸ್ ಭಾಗ, ಮುಕ್ತಾಯ ಎರಡನ್ನೂ ನಾನು ಮುಟ್ಟಿಲ್ಲ, ಹಾಗೇ ಇರಲಿ. ಎರಡನೇ ಪ್ಯಾರಾ ಪೂರ್ತಿ ಹೊಸದಾಗಿ ಬರೆಯಿರಿ. ಹಳೆಯ ಯುನಿಕ್ಸ್ ಕೈಪಿಡಿಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ತೆರೆದು ಯಾವ ಡೈರೆಕ್ಟರಿಯಲ್ಲಿ ಏನಿತ್ತೆಂದು ನೀವೇ ಕಣ್ಣಾರೆ ನೋಡಿ, ಆಮೇಲೆ ಪೆನ್ನು ಹಿಡಿಯಿರಿ. ಮುಂದಿನ ವಾರದೊಳಗೆ ಬಂದರೆ ಈ ಸಂಚಿಕೆಯಲ್ಲೇ ಹಾಕುತ್ತೇನೆ. ಲಿನಕ್ಸ್‌ನ ಗುರುತಾದ ಪೆಂಗ್ವಿನ್ ಚಿತ್ರ ಮಾತ್ರ ಬೇಡ.