ಬೀದರ್‌ನಿಂದ ಬೈಕಿನಲ್ಲಿ ನೇಪಾಳ, ಭೂತಾನ್: ಗಾಡಿ ಅಪ್ಪನ ಹೆಸರಲ್ಲಿದ್ದರೆ ಕಾಗದಪತ್ರ ಹೇಗೆ?

ದಸರಾ ರಜೆಯಲ್ಲಿ ಬೀದರ್‌ನಿಂದ ಉತ್ತರ ಪ್ರದೇಶದ ಗಡಿ ಊರು ಸುನೌಲಿ ಮೂಲಕ ನೇಪಾಳಕ್ಕೆ, ಸಾಧ್ಯವಾದರೆ ಹಾಗೇ ಭೂತಾನಕ್ಕೂ ಹೋಗಬೇಕು. ಕೆಎ-38 ಗಾಡಿ ಅಪ್ಪನ ಹೆಸರಲ್ಲಿದೆ, ಲೋನ್ ಕಂತು ಇನ್ನೂ ನಡೆದಿದೆ. ಡಿಜಿಲಾಕರ್ ಸಾಕಾ, ಕಾರ್ನೆ (ಗಾಡಿ ವಾಪಸ್ ತರುತ್ತೇನೆಂಬ ಜಾಮೀನಿನ ಪುಸ್ತಕ) ಮಾಡಿಸಬೇಕಾ ಅಂತ ಕೇಳಿದ್ದೀರಿ. ಕೊನೆಯ ಎರಡಕ್ಕೆ ಮೊದಲು ಉತ್ತರ: ಡಿಜಿಲಾಕರ್ ಸಾಲದು, ಕಾರ್ನೆ ಬೇಡ. ನಿಮ್ಮ ಸಮಯ ತಿನ್ನುವುದು ಅಪ್ಪನ ಹೆಸರು ಮತ್ತು ಲೋನ್. ಇವೆರಡೂ ಊರಲ್ಲಿದ್ದಾಗ ಮಾತ್ರ ಸರಿಯಾಗುವ ಕೆಲಸ. ಅಷ್ಟು ದೂರ ಓಡಿಸಿಕೊಂಡು ಹೋಗಿ ಸುನೌಲಿಯಲ್ಲಿ ನಿಂತರೆ ಅಲ್ಲಿ ಯಾರಿಂದಲೂ ಮಾಡಿಸಲಾಗದು. ಹೊರಡುವ ಆರು ವಾರ ಮೊದಲೇ ಶುರುಮಾಡಿ.

ಮೊದಲು ನಿಮ್ಮ ಗುರುತಿನ ಕಾಗದ. ನೇಪಾಳಕ್ಕೆ ನಮಗೆ ವೀಸಾ ಇಲ್ಲ, ಪಾಸ್‌ಪೋರ್ಟ್ ಕಡ್ಡಾಯವೂ ಅಲ್ಲ. ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ವೋಟರ್ ಐಡಿ, ಎರಡರಲ್ಲಿ ಒಂದು ಮೂಲಪ್ರತಿ ಇರಬೇಕು. ಆಧಾರ್ ನಡೆಯುವುದು 65 ದಾಟಿದವರಿಗೆ ಮತ್ತು 15ರ ಒಳಗಿನ ಮಕ್ಕಳಿಗೆ ಮಾತ್ರ. ಹಿಂದೆ ಕೂರುವವರಿಗೂ ಇದೇ ನಿಯಮ. ಗೆಳೆಯ ಆಧಾರ್ ಒಂದನ್ನೇ ಜೇಬಲ್ಲಿಟ್ಟುಕೊಂಡು ಬಂದರೆ ಇಬ್ಬರ ಪ್ರಯಾಣವೂ ನಿಲ್ಲುತ್ತದೆ. ವೋಟರ್ ಐಡಿಯಲ್ಲಿ ಹೆಸರು ತಪ್ಪಿದ್ದರೆ ಇವತ್ತೇ ಫಾರಂ 8 ಹಾಕಿ, ಹೊಸ ಕಾರ್ಡ್ ಅಂಚೆಯಲ್ಲಿ ಬರಲು ವಾರಗಳು ಬೇಕು.

ನಮ್ಮ ಭಾಗದಲ್ಲಿ ಹೆಸರಿನ ತೊಂದರೆ ಬಹಳ. ವೋಟರ್ ಐಡಿಯಲ್ಲಿ ಶರಣಬಸಪ್ಪ, ಲೈಸೆನ್ಸಿನಲ್ಲಿ ಶರಣಪ್ಪ, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಸೇರಿ ಮತ್ತೊಂದು. ಗಡಿಯ ಗುಮಾಸ್ತನಿಗೆ ಇವು ಮೂರು ಜನರ ಹೆಸರು. ಲೈಸೆನ್ಸ್ ಮತ್ತು ಗುರುತಿನ ಚೀಟಿಯಲ್ಲಿ ನಿಮ್ಮ ಇಂಗ್ಲಿಷ್ ಸ್ಪೆಲಿಂಗ್ ಅಕ್ಷರಕ್ಕೆ ಅಕ್ಷರ ಕೂಡಬೇಕು. ಆರ್‌ಸಿ ಮತ್ತು ಅಪ್ಪನ ಗುರುತಿನ ಚೀಟಿಯಲ್ಲಿ ಅಪ್ಪನದು ಕೂಡಬೇಕು. ಊರಿನ ಹೆಸರಿನ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. 2014ರ ನವೆಂಬರ್ 1ರ ಮೊದಲಿನ ಕಾಗದದಲ್ಲಿ ಗುಲ್ಬರ್ಗಾ, ಆಮೇಲಿನದರಲ್ಲಿ ಕಲಬುರಗಿ ಅಂತ ಇರುತ್ತದೆ. ಯಾದಗಿರಿ ಕಡೆಯವರ ಹಳೇ ಕಾಗದದಲ್ಲಿ ಜಿಲ್ಲೆಯೇ ಗುಲ್ಬರ್ಗಾ. ಇದಕ್ಕಾಗಿ ಯಾರೂ ವಾಪಸ್ ಕಳಿಸುವುದಿಲ್ಲ, ತಿದ್ದುಪಡಿಗೆ ದುಡ್ಡು ಹಾಕಬೇಡಿ.

ಅಪ್ಪನ ಹೆಸರಿನ ಗಾಡಿಗೆ ಒಂದು ಒಪ್ಪಿಗೆ ಪತ್ರ ಬೇಕು. ಇ-ಸ್ಟಾಂಪ್ ಕಾಗದದ ಮೇಲೆ ಟೈಪ್ ಮಾಡಿಸಿ, ಅಪ್ಪ ನೋಟರಿ ಎದುರೇ ಸಹಿ ಹಾಕಲಿ. ಕನ್ನಡದಲ್ಲಿ ಬರೆಸಬೇಡಿ. ಇಂಗ್ಲಿಷಿನಲ್ಲಿ ಬರೆಸಿ, ಕೆಳಗೆ ಅದೇ ವಿಷಯ ಹಿಂದಿಯಲ್ಲೂ ಇರಲಿ, ನೇಪಾಳದವರು ನಾಗರಿ ಲಿಪಿಯನ್ನು ಸಲೀಸಾಗಿ ಓದುತ್ತಾರೆ. ‘ನನ್ನ ಮಗ ಗಾಡಿ ಓಡಿಸಲು ಅಡ್ಡಿಯಿಲ್ಲ’ ಎಂಬ ಒಂದೇ ಸಾಲಿನ ಪತ್ರ ನಿಷ್ಪ್ರಯೋಜಕ. ಅದರಲ್ಲಿ ಇರಬೇಕಾದ್ದು: ಅಪ್ಪನ ಹೆಸರು, ವಿಳಾಸ, ಗುರುತಿನ ಚೀಟಿ ನಂಬರ್, ನಿಮ್ಮ ಹೆಸರು, ಲೈಸೆನ್ಸ್ ನಂಬರ್, ಇಬ್ಬರ ಸಂಬಂಧ, ಗಾಡಿಯ ನೋಂದಣಿ, ಚಾಸಿಸ್, ಎಂಜಿನ್ ನಂಬರ್, ಯಾವ ಯಾವ ದೇಶ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಗಾಡಿಯನ್ನು ಭಾರತದ ಹೊರಗೆ ಒಯ್ದು ವಾಪಸ್ ತರಲು ಒಪ್ಪಿಗೆ ಇದೆ ಎಂಬ ಸ್ಪಷ್ಟ ಮಾತು. ತಾರೀಖಿಗೆ ಮುಂದೊಂದು ವಾರ, ಹಿಂದೊಂದು ವಾರ ಸೇರಿಸಿ ಬರೆಸಿ. ಅಪ್ಪನ ವೋಟರ್ ಐಡಿಯ ಝೆರಾಕ್ಸಿಗೆ ಅವರ ಸಹಿ ಹಾಕಿಸಿ ಇದಕ್ಕೆ ಪಿನ್ ಮಾಡಿ. ಮೂಲಪತ್ರ ಎರಡು ಮಾಡಿಸುವುದು ಒಳ್ಳೆಯದು, ಒಂದನ್ನು ಯಾವುದಾದರೂ ಕಚೇರಿ ಇಟ್ಟುಕೊಂಡರೂ ಮುಂದಿನ ಗಡಿಗೆ ಇನ್ನೊಂದು ಇರುತ್ತದೆ.

ಇನ್ನು ಲೋನ್. ಸಾಲ ಕೊಟ್ಟವರ ಹೆಸರು ಆರ್‌ಸಿಯಲ್ಲೇ ಇರುತ್ತದೆ. ಗಾಡಿ ಅವರಿಗೆ ಅಡಮಾನ, ಹಾಗಾಗಿ ದೇಶದ ಹೊರಗೆ ಒಯ್ಯಲು ಅವರ ಲಿಖಿತ ಒಪ್ಪಿಗೆ ಬೇಕು: ಲೆಟರ್‌ಹೆಡ್ ಮೇಲೆ, ಸೀಲು ಸಮೇತ, ದೇಶ ಮತ್ತು ತಾರೀಖು ನಮೂದಿಸಿ. ಸಾಲ ಅಪ್ಪನ ಹೆಸರಲ್ಲಿದ್ದರೆ ಅರ್ಜಿಯೂ ಅಪ್ಪನದೇ. ಶಾಖೆಯವರು ಇಂಥದ್ದನ್ನು ಮೇಲಿನ ಕಚೇರಿಗೆ ಕಳಿಸಿ ತರಿಸುತ್ತಾರೆ, ಅದಕ್ಕೇ ಇದನ್ನು ಎಲ್ಲಕ್ಕಿಂತ ಮೊದಲು ಹಾಕಿ. ಇಲ್ಲೊಂದು ಗೊಂದಲ ಆಗುತ್ತದೆ. ‘ಎನ್‌ಓಸಿ ಬೇಕು’ ಎಂದು ಕೇಳಿದವರನ್ನು ಏಜೆಂಟರು ಆರ್‌ಟಿಓಗೆ ಕರೆದೊಯ್ದು ಫಾರಂ 28 ಹಾಕಿಸಿಬಿಡುತ್ತಾರೆ. ಅದು ಗಾಡಿಯನ್ನು ಕಾಯಂ ಆಗಿ ಬೇರೆ ರಾಜ್ಯ ಅಥವಾ ಬೇರೆ ಆರ್‌ಟಿಓಗೆ ವರ್ಗಾಯಿಸಲು ತೆಗೆದುಕೊಳ್ಳುವ ಎನ್‌ಓಸಿ. ಒಮ್ಮೆ ಕೊಟ್ಟರೆ ವಾಹನ್ ಪೋರ್ಟಲಿನಲ್ಲಿ ಗಾಡಿಯ ಬೇರೆ ಕೆಲಸಗಳೆಲ್ಲ ನಿಂತುಹೋಗುತ್ತವೆ, ಅದನ್ನು ರದ್ದು ಮಾಡಿಸಲು ಮತ್ತೆ ಓಡಾಟ. ನಿಮಗೆ ಅದು ಬೇಡವೇ ಬೇಡ. ಕಂತು ತೀರಿದ ಗಾಡಿಯವರಿಗೂ ಒಂದು ಮಾತು: ಸಾಲ ತೀರಿತೆಂದು ಆರ್‌ಸಿಯಿಂದ ಫೈನಾನ್ಸ್ ಹೆಸರು ತಾನಾಗಿ ಹೋಗುವುದಿಲ್ಲ. ಫಾರಂ 35 ಮತ್ತು ಸಾಲ ಕೊಟ್ಟವರ ಎನ್‌ಓಸಿ ಕೊಟ್ಟು ತೆಗೆಸಬೇಕು.

ಈಗ ಗಾಡಿಯ ಹತ್ತಿರ ಕೂತು ಮಾಡುವ ಕೆಲಸ. ಆರ್‌ಸಿ ಕೈಯಲ್ಲಿ ಹಿಡಿದು ಚಾಸಿಸ್ ನಂಬರ್ ತಾಳೆ ನೋಡಿ. ಹೆಚ್ಚಿನ ಬೈಕುಗಳಲ್ಲಿ ಹ್ಯಾಂಡಲ್ ಕೆಳಗೆ, ಫೋರ್ಕ್ ತಿರುಗುವ ಕೊಳವೆಯ ಮೇಲೆ ಅದನ್ನು ಕೊರೆದಿರುತ್ತಾರೆ. ಎಂಜಿನ್ ನಂಬರ್ ಎಂಜಿನ್ನಿನ ಕೆಳಭಾಗದ ಕವಚದ ಮೇಲೆ. ನಮ್ಮ ಕೆಂಪು ಧೂಳು, ಗ್ರೀಸ್ ಕೂಡಿ ಗಟ್ಟಿಯಾಗಿ ಅಕ್ಷರ ಮುಚ್ಚಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತೆಳ್ಳನೆ ಕಾಗದ ಒತ್ತಿ ಹಿಡಿದು ಪೆನ್ಸಿಲ್ ಮಲಗಿಸಿ ಉಜ್ಜಿದರೆ ನಂಬರ್ ಮೂಡುತ್ತದೆ. ಆರ್‌ಟಿಓದವರು ತೆಗೆಯುವ ಚಾಸಿಸ್ ಪ್ರಿಂಟ್ ಇದೇ. 17 ಅಕ್ಷರಗಳಿರಬೇಕು. ಈ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರ ಬಳಸುವುದೇ ಇಲ್ಲ, ಹಾಗಾಗಿ ಓ ಥರ ಕಂಡದ್ದು ಸೊನ್ನೆ, ಐ ಥರ ಕಂಡದ್ದು ಒಂದು. ಒಪ್ಪಿಗೆ ಪತ್ರ ಟೈಪ್ ಮಾಡುವವರು ತಪ್ಪುವುದು ಇಲ್ಲೇ, ನೋಟರಿ ಸೀಲು ಬೀಳುವ ಮೊದಲು ಅಕ್ಷರ ಅಕ್ಷರ ಎಣಿಸಿ. ಉಜ್ಜಿ ತೆಗೆದ ಕಾಗದವನ್ನು ಫೈಲಿನಲ್ಲೇ ಇಡಿ. ಗಡಿಯಲ್ಲಿ ಫಾರಂ ತುಂಬುವಾಗ ಬಗ್ಗಿ ಇಣುಕುವುದು ತಪ್ಪುತ್ತದೆ.

ನಂಬರ್ ಪ್ಲೇಟ್ ಎಚ್‌ಎಸ್‌ಆರ್‌ಪಿಯೇ ಆಗಿರಲಿ. ಕನ್ನಡ ಅಂಕಿಯ ಪ್ಲೇಟ್ ಮೇಲೆ ಎಷ್ಟೇ ಅಭಿಮಾನ ಇದ್ದರೂ ಗಡಿಯಾಚೆ ಅದನ್ನು ಓದುವವರಿಲ್ಲ.

ಡಿಜಿಲಾಕರ್ ಯಾಕೆ ಸಾಲದು? ಅದು ನಮ್ಮ ಪೊಲೀಸರು ಒಪ್ಪಲು ನಮ್ಮ ಸರ್ಕಾರ ಮಾಡಿದ ವ್ಯವಸ್ಥೆ, ಬೇರೆ ದೇಶದ ಕಚೇರಿಗೆ ಅದನ್ನು ಒಪ್ಪಬೇಕೆಂಬ ಕಟ್ಟುಪಾಡಿಲ್ಲ. ಮೇಲಾಗಿ ಗಡಿ ದಾಟಿದ ಮೇಲೆ ರೋಮಿಂಗ್ ಹಾಕಿಸದ ಸಿಮ್ ಸತ್ತಂತೆ, ಆ್ಯಪ್ ತೆರೆಯುವುದಿಲ್ಲ. ಆರ್‌ಸಿ ಮತ್ತು ಲೈಸೆನ್ಸ್ ಮೂಲ ಕಾರ್ಡ್ ಇರಬೇಕು. ನೇಪಾಳದ ರಸ್ತೆಯಲ್ಲಿ ಪೊಲೀಸರು ‘ಬ್ಲೂಬುಕ್’ ಎಂದು ಕೇಳಿದರೆ ಆರ್‌ಸಿ ತೋರಿಸಿ. ಹೊಗೆ ತಪಾಸಣೆ ಸರ್ಟಿಫಿಕೇಟ್ ಮತ್ತು ಇನ್ಶೂರೆನ್ಸ್ ಅನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ವಾಪಸ್ ಬರುವ ದಿನಕ್ಕೂ ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳಿ. ಎಲ್ಲದರ ಝೆರಾಕ್ಸ್ ಆರು ಸೆಟ್, ಪಾಸ್‌ಪೋರ್ಟ್ ಅಳತೆಯ ಫೋಟೋ ಎಂಟು ಸಾಕು. ಮೂಲಪ್ರತಿಗಳು ಟ್ಯಾಂಕ್ ಬ್ಯಾಗಿನಲ್ಲಿ ಬೇಡ, ಮೈಮೇಲಿನ ಜಾಕೆಟ್ಟಿನಲ್ಲಿ ಜಿಪ್ ಇರುವ ಪ್ಲಾಸ್ಟಿಕ್ ಕವರಿನೊಳಗೆ ಇರಲಿ.

ಇನ್ಶೂರೆನ್ಸ್ ವಿಷಯವನ್ನು ಬಹುತೇಕರು ನೋಡುವುದೇ ಇಲ್ಲ, ನನಗೆ ಇದೇ ಹೆಚ್ಚು ಕಳವಳದ ಸಂಗತಿ. ಪಾಲಿಸಿಯ ಮೊದಲ ಪುಟದಲ್ಲಿ ಭೌಗೋಳಿಕ ವ್ಯಾಪ್ತಿ ಎಂಬ ಜಾಗದಲ್ಲಿ ‘ಇಂಡಿಯಾ’ ಎಂದಷ್ಟೇ ಇರುತ್ತದೆ. ಗಡಿ ದಾಟಿದ ಕ್ಷಣ ಆ ಪಾಲಿಸಿ ನಿಮ್ಮನ್ನೂ ಕಾಯುವುದಿಲ್ಲ, ನಿಮ್ಮಿಂದ ಪೆಟ್ಟಾದವರನ್ನೂ ಕಾಯುವುದಿಲ್ಲ. ಇದಕ್ಕೆ, ಪಾಲಿಸಿಗೆ ಹೆಚ್ಚುವರಿಯಾಗಿ ಸೇರಿಸುವ ಐಎಂಟಿ-1 ಎಂಬ ಎಂಡಾರ್ಸ್‌ಮೆಂಟ್ ಇದೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್‌ಗೆ ವ್ಯಾಪ್ತಿ ವಿಸ್ತರಿಸಬಹುದು. ಪಾಲಿಸಿ ಕೊಟ್ಟ ಶಾಖೆಗೆ ಬರಹದಲ್ಲಿ ಕೇಳಿ, ದೇಶಗಳ ಹೆಸರಿರುವ ಎಂಡಾರ್ಸ್‌ಮೆಂಟ್ ಕಾಗದ ಕೈಗೆ ಬರುವವರೆಗೆ ಬಿಡಬೇಡಿ. ಇನ್ನೊಂದು: ಪಾಲಿಸಿ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ-ಚಾಲಕನಿಗೆ ಮಾತ್ರ. ಮಾಲೀಕರು ನಿಮ್ಮ ಅಪ್ಪ. ಓಡಿಸುವ ನಿಮಗೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ನಿಮ್ಮ ಹೆಸರಲ್ಲಿ, ವಿದೇಶದಲ್ಲಿ ಬೈಕ್ ಓಡಿಸುವುದನ್ನೂ ಒಳಗೊಂಡ ಟ್ರಾವೆಲ್ ಇನ್ಶೂರೆನ್ಸ್ ಬೇರೆ ಮಾಡಿಸಿ.

ಸುನೌಲಿಯಲ್ಲಿ ಆಗುವುದು ಇಷ್ಟು. ನಮ್ಮ ಕಡೆ ಗಡಿ ಕಾಯುವ ಎಸ್‌ಎಸ್‌ಬಿಯವರು ಗುರುತಿನ ಚೀಟಿ ಮತ್ತು ಗಾಡಿ ನೋಡುತ್ತಾರೆ. ಗೇಟ್ ದಾಟಿದರೆ ಬೆಲಹಿಯಾ. ಅಲ್ಲಿ ಯಾರೂ ತಡೆಯದಿದ್ದರೂ ನೇರ ಮುಂದೆ ಹೋಗಬೇಡಿ, ಗಾಡಿ ನಿಲ್ಲಿಸಿ ಭನ್ಸಾರ್ ಕಚೇರಿ ಹುಡುಕಿ. ಭನ್ಸಾರ್ ಅಂದರೆ ಕಸ್ಟಮ್ಸ್. ದಿನಕ್ಕಿಷ್ಟು ಎಂದು ಶುಲ್ಕ ಕಟ್ಟಿಸಿಕೊಂಡು ಗಾಡಿಗೆ ಚೀಟಿ ಕೊಡುತ್ತಾರೆ, ಆಮೇಲೆ ಯಾತಾಯಾತ್ (ಸಾರಿಗೆ) ಕಚೇರಿಯ ರಸ್ತೆ ಪರವಾನಗಿ. ಭಾರತದ ಗಾಡಿಗೆ ವರ್ಷಕ್ಕೆ ಒಟ್ಟು 30 ದಿನದ ಮಿತಿ ಇದೆ. ನಿಮ್ಮ ಯೋಜನೆಗಿಂತ ಎರಡು ದಿನ ಹೆಚ್ಚಿಗೆ ಕಟ್ಟಿ. ಗುಡ್ಡ ಕುಸಿದು ರಸ್ತೆ ಬಂದಾದರೆ ಅವಧಿ ಮುಗಿದ ಚೀಟಿ ಹಿಡಿದು ದಂಡ ತೆರುವುದಕ್ಕಿಂತ ಇದು ಅಗ್ಗ. ನೇಪಾಳದ ಪೂರ್ವ ಗಡಿಯ ಕಾಕಡಭಿಟ್ಟಾ ಕಡೆಯಿಂದ ಹೊರಬೀಳುವುದಾದರೆ ಆ ಹೆಸರನ್ನು ಇಲ್ಲೇ ಹೇಳಿ ಬರೆಸಿ. ದುಡ್ಡಿನ ಲೆಕ್ಕ ಸುಲಭ: ನಮ್ಮ 100 ರೂಪಾಯಿಗೆ ಅವರ 160. ನೂರರ ನೋಟುಗಳನ್ನೇ ಒಯ್ಯಿರಿ.

ಚೀಟಿ ಕೈಗೆ ಬಂದ ಕೂಡಲೇ ತಾರೀಖು ನೋಡಿ. ಅದು ನೇಪಾಳದ ಪಂಚಾಂಗವಾದ ವಿಕ್ರಮ ಶಕೆಯ ಲೆಕ್ಕದಲ್ಲಿ, ನಾಗರಿ ಅಂಕಿಯಲ್ಲಿರುತ್ತದೆ. ನಮ್ಮ 2026ರ ದಸರಾ ಅವರಿಗೆ 2083. ಅವರ ತಿಂಗಳು ನಮ್ಮ ತಿಂಗಳ ನಡುವೆ ಶುರುವಾಗುತ್ತದೆ, ಕೆಲವು ತಿಂಗಳಿಗೆ 32 ದಿನವೂ ಉಂಟು. ಔರಾದ್, ಭಾಲ್ಕಿ ಕಡೆ ಮರಾಠಿ ಓದಿದವರಿಗೆ ಅಂಕಿ ಗುರುತು ಸಿಗುತ್ತದೆ, ತಾರೀಖು ಮಾತ್ರ ಸಿಗುವುದಿಲ್ಲ. ಕೊನೆಯ ದಿನ ಇಂಗ್ಲಿಷ್ ತಾರೀಖಿನಲ್ಲಿ ಯಾವುದು ಎಂದು ಗುಮಾಸ್ತರನ್ನೇ ಕೇಳಿ, ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ. ಗಾಡಿ ನಂಬರನ್ನೂ ಅಲ್ಲೇ ನಿಂತು ತಾಳೆ ನೋಡಿ. ಕೌಂಟರ್ ಎದುರು ಎರಡು ನಿಮಿಷದಲ್ಲಿ ಸರಿಹೋಗುವ ತಪ್ಪು ಪೋಖರಾದಲ್ಲಿ ಸರಿಹೋಗುವುದಿಲ್ಲ.

ಭೂತಾನ್ ಚಿಕ್ಕದಾಗಿ. ಪಶ್ಚಿಮ ಬಂಗಾಳದ ಜೈಗಾಂವ್ ದಾಟಿದರೆ ಫುಂಟ್‌ಶೋಲಿಂಗ್. ಇಲ್ಲೂ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು, ಆದರೆ ಪ್ರವೇಶ ಪರ್ಮಿಟ್ ಬೇಕು, ಮತ್ತು ಒಂದು ರಾತ್ರಿಗೆ ತಲಾ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಗಾಡಿಗೆ ಅಲ್ಲಿನ ಸಾರಿಗೆ ಕಚೇರಿಯ ಪರವಾನಗಿ ಬೇರೆ. ಅಲ್ಲೂ ಇದೇ ಫೈಲು: ಆರ್‌ಸಿ, ಲೈಸೆನ್ಸ್, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್, ಒಪ್ಪಿಗೆ ಪತ್ರ. ಮೊದಲ ಸಲ ಹೋಗುವವರು ಎರಡೂ ದೇಶ ಒಂದೇ ರಜೆಯಲ್ಲಿ ತುರುಕದಿರುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಈ ಎರಡು ದೇಶಕ್ಕೆ ಬೇಡ, ನಮ್ಮ ಲೈಸೆನ್ಸೇ ನಡೆಯುತ್ತದೆ. ಮುಂದೆ ಬೇರೆ ದೇಶಕ್ಕೆ ಬೇಕಾದರೆ ಬೀದರ್ ಆರ್‌ಟಿಓದಲ್ಲೇ ಫಾರಂ 4ಎ ಹಾಕಿ. ಶುಲ್ಕ 1,000 ರೂಪಾಯಿ ಮತ್ತು ಸೇವಾ ಶುಲ್ಕ, ಅವಧಿ ಒಂದು ವರ್ಷ.

ಕಾರ್ನೆ ಬೇಕಾಗುವುದು ಇರಾನಿನಂಥ ದೇಶಗಳಿಗೆ. ಗಾಡಿಯನ್ನು ಅಲ್ಲೇ ಮಾರದೆ ವಾಪಸ್ ತರುತ್ತೇನೆ ಎಂಬುದಕ್ಕೆ ಕೊಡುವ ಜಾಮೀನು ಅದು. ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಕೊಡುತ್ತದೆ, ಗಾಡಿಯ ಬೆಲೆ ಮತ್ತು ಹೋಗುವ ದೇಶದ ಸುಂಕ ನೋಡಿ ದೊಡ್ಡ ಮೊತ್ತದ ಭದ್ರತೆ ಇಡಿಸಿಕೊಳ್ಳುತ್ತದೆ. ಪ್ರತಿ ಪುಟಕ್ಕೂ ಮೂರು ಭಾಗ: ಒಳಹೋಗುವಾಗ ಕೆಳಗಿನದನ್ನು ಹರಿದುಕೊಳ್ಳುತ್ತಾರೆ, ಹೊರಬರುವಾಗ ನಡುವಿನದನ್ನು, ಮೇಲಿನದು ಎರಡೂ ಸೀಲಿನೊಂದಿಗೆ ನಿಮ್ಮ ಹತ್ತಿರ ಉಳಿಯುತ್ತದೆ. ಹೊರಬಂದ ಸೀಲು ಇಲ್ಲದಿದ್ದರೆ ಗಾಡಿ ನಿಮ್ಮ ಮನೆ ಮುಂದೆ ನಿಂತಿದ್ದರೂ ಕಾಗದದ ಪ್ರಕಾರ ಅದು ಆ ದೇಶದಲ್ಲೇ ಇದೆ, ಸುಂಕ ನಿಮ್ಮ ಜಾಮೀನಿನಿಂದ ಹೋಗುತ್ತದೆ.

ಭನ್ಸಾರ್ ಚೀಟಿಗೂ ಇದೇ ಎಚ್ಚರ ಬೇಕು. ವಾಪಸ್ ಬರುವಾಗ ಗೇಟ್ ತೆರೆದಿರುತ್ತದೆ, ಎಲ್ಲರೂ ಹಾಗೇ ನುಗ್ಗುತ್ತಿರುತ್ತಾರೆ. ನೀವು ಕಚೇರಿಗೆ ಹೋಗಿ ಚೀಟಿ ಒಪ್ಪಿಸಿ ಹೊರಹೋದ ದಾಖಲೆ ಮಾಡಿಸಿ. ಒಪ್ಪಿಸುವ ಮೊದಲು ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ, ಮುಂದಿನ ಸಲ ದಿನಗಳ ಲೆಕ್ಕದ ಪ್ರಶ್ನೆ ಬಂದರೆ ತೋರಿಸಲು ಬೇಕಾಗುತ್ತದೆ. ದಸರಾಕ್ಕೆ ಹೊರಡುವುದರಿಂದ ಇದನ್ನೂ ಗಮನಿಸಿ: ಅದೇ ಹೊತ್ತಿಗೆ ನೇಪಾಳದ ದಶೈಂ, ಭಾರತದಲ್ಲಿ ದುಡಿಯುವ ಅಲ್ಲಿನವರು ಊರಿಗೆ ಮರಳುವ ಕಾಲ. ಸುನೌಲಿಯಲ್ಲಿ ಸಾಲು ಉದ್ದ. ಹಿಂದಿನ ರಾತ್ರಿ ಗೋರಖಪುರದಲ್ಲಿ ತಂಗಿ, ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಕೌಂಟರ್ ಎದುರು ಇರಿ. ಶನಿವಾರ ಅಲ್ಲಿ ವಾರದ ರಜೆ, ಆ ದಿನ ಮಾತ್ರ ಬೇಡ.